ಮಲೆನಾಡಿನ ಜೀಪಿಗೆ ಹಗಲು ದೀಪ ಅಳವಡಿಸುವ ಕ್ರಮ

ಚಿಕ್ಕಮಗಳೂರು ಜಿಲ್ಲೆಯ ರಸ್ತೆಗಳಲ್ಲಿ ನಡುಹಗಲಿನಲ್ಲಿಯೂ ಎದುರಿನ ವಾಹನ ಕಾಣದ ಜಾಗಗಳು ಬೇಕಾದಷ್ಟಿವೆ. ಮಳೆಗಾಲದಲ್ಲಿ ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿಗೆ ಇಳಿಯುವಾಗ ಮಂಜು ರಸ್ತೆಯ ಮೇಲೇ ಕೂತಿರುತ್ತದೆ. ಮಳೆಯಿಲ್ಲದ ತಿಂಗಳುಗಳಲ್ಲಿಯೂ ಮೂಡಿಗೆರೆ, ಬಾಳೂರು, ಕಳಸದ ಕಡೆಯ ತೋಟದ ರಸ್ತೆಗಳಲ್ಲಿ ಸಿಲ್ವರ್ ಓಕ್ ಮರಗಳ ನೆರಳೂ ಬಿಸಿಲೂ ಬೆರೆತು ಬೀಳುವುದರಿಂದ, ಹಸಿರು ಅಥವಾ ಮಣ್ಣಿನ ಬಣ್ಣದ ಜೀಪು ತಿರುವು ದಾಟಿ ಹತ್ತಿರ ಬರುವವರೆಗೂ ಕಣ್ಣಿಗೆ ಬೀಳುವುದಿಲ್ಲ. ಸಕಲೇಶಪುರದ ಕಡೆ ಶಿರಾಡಿ ಘಾಟಿಯಲ್ಲಿ ಲಾರಿಗಳ ಸಾಲಿನ ಹಿಂದಿನಿಂದ ಹೊರಬರುವ ಸಣ್ಣ ವಾಹನಕ್ಕೂ ಇದೇ ತೊಂದರೆ. ಇಂತಹ ಕಡೆ ಹಗಲು ದೀಪ, ಅಂದರೆ ಎಲ್ಲರೂ ಡಿಆರ್‌ಎಲ್ (ಡೇಟೈಮ್ ರನ್ನಿಂಗ್ ಲ್ಯಾಂಪ್) ಎಂದು ಕರೆಯುವ ದೀಪ, ನಿಜವಾಗಿ ಉಪಯೋಗಕ್ಕೆ ಬರುತ್ತದೆ.

ಎಂಜಿನ್ ಚಾಲೂ ಆದೊಡನೆ ತಾನಾಗಿಯೇ ಹೊತ್ತಿಕೊಂಡು, ಹೆಡ್‌ಲೈಟ್ ಹಾಕಿದೊಡನೆ ತಾನಾಗಿಯೇ ಆರುವ ಬಿಳಿ ದೀಪವಿದು. ಸ್ವೀಡನ್ ದೇಶವು 1977ರಲ್ಲಿಯೇ ಹಗಲಿನಲ್ಲಿ ದೀಪ ಹಾಕಿಕೊಂಡು ಓಡಿಸುವುದನ್ನು ಕಡ್ಡಾಯಗೊಳಿಸಿತ್ತು. ಐರೋಪ್ಯ ಒಕ್ಕೂಟದಲ್ಲಿ 2011ರ ಫೆಬ್ರವರಿಯಿಂದ ಹೊಸ ಮಾದರಿಯ ಕಾರುಗಳೆಲ್ಲವಕ್ಕೂ ಡಿಆರ್‌ಎಲ್ ಬೇಕೆಂಬ ನಿಯಮ ಬಂತು. ನಮ್ಮಲ್ಲಿ 2017ರ ಏಪ್ರಿಲ್ 1ರಿಂದ ಹೊಸ ದ್ವಿಚಕ್ರ ವಾಹನಗಳ ಹೆಡ್‌ಲೈಟ್ ಸದಾ ಉರಿಯುತ್ತಿರಬೇಕೆಂಬ ನಿಯಮವಿದೆ, ಆದರೆ ಕಾರು ಮತ್ತು ಜೀಪುಗಳಿಗೆ ಡಿಆರ್‌ಎಲ್ ಕಡ್ಡಾಯವಲ್ಲ. ಹೀಗಾಗಿ ತೋಟಗಳಲ್ಲಿ ಇಂದಿಗೂ ದುಡಿಯುತ್ತಿರುವ ಮಹೀಂದ್ರಾ ಎಂಎಂ 540, ಮಾರುತಿ ಜಿಪ್ಸಿ, 2010ರಲ್ಲಿ ಬಂದ ಮೊದಲ ಥಾರ್ ಮುಂತಾದ ಫೋರ್ ವ್ಹೀಲ್ ಡ್ರೈವ್ ವಾಹನಗಳಿಗೆ ಅದನ್ನು ಹೊರಗಿನಿಂದಲೇ ಹಾಕಿಸಬೇಕು.

ಈ ಕೆಲಸದಲ್ಲಿ ದೀಪದ ಆಯ್ಕೆಗಿಂತ ಅದರ ವೈರಿಂಗ್ ಮುಖ್ಯ. ದೀಪವನ್ನು ಯಾವ ಅಂಗಡಿಯಲ್ಲಿಯಾದರೂ ಕೊಳ್ಳಬಹುದು, ಯಾವ ಬಂಪರಿಗಾದರೂ ಕೂರಿಸಬಹುದು. ಅದು ಯಾವಾಗ ಹೊತ್ತಬೇಕು, ಯಾವಾಗ ಆರಬೇಕು ಎಂಬುದನ್ನು ಸರಿಯಾಗಿ ನಿರ್ಧರಿಸಿ, ಜೋಡಣೆಗಳನ್ನು ಮಳೆನೀರಿನಿಂದ ಕಾಪಾಡಿದರೆ ಮಾತ್ರ ದೀಪ ವರ್ಷಗಟ್ಟಲೆ ಬಾಳುತ್ತದೆ.

ಮೊದಲು ತಿಳಿದಿರಬೇಕಾದ ಒಂದು ಅಪಾಯ

ಡಿಆರ್‌ಎಲ್ ಇರುವುದು ಎದುರಿನವರಿಗೆ ನಾವು ಕಾಣುವುದಕ್ಕಾಗಿ. ನಮಗೆ ದಾರಿ ತೋರಿಸುವುದು ಅದರ ಕೆಲಸವಲ್ಲ. ಅಷ್ಟೇ ಮುಖ್ಯವಾದ ಇನ್ನೊಂದು ಸಂಗತಿಯೆಂದರೆ, ಡಿಆರ್‌ಎಲ್ ಉರಿಯುವಾಗ ವಾಹನದ ಹಿಂದಿನ ಟೇಲ್ ಲ್ಯಾಂಪ್ ಉರಿಯುವುದಿಲ್ಲ. ಮುಂದೆ ಬೆಳಕು ಕಾಣುತ್ತಿರುವುದರಿಂದ ದೀಪ ಹಾಕಿದ್ದೇನೆಂಬ ಭಾವನೆಯಲ್ಲಿ ಚಾಲಕನು ಮಂಜಿನೊಳಗೆ ಓಡಿಸುತ್ತಾನೆ, ಹಿಂದಿನಿಂದ ಬರುವ ಬಸ್ಸಿಗೆ ಅವನ ಜೀಪಿನ ಹಿಂಭಾಗ ಕತ್ತಲೆಯಾಗಿಯೇ ಇರುತ್ತದೆ. ಆದ್ದರಿಂದ ಮಂಜು, ಜೋರು ಮಳೆ, ಮುಸ್ಸಂಜೆ ಇವುಗಳಲ್ಲಿ ಡಿಆರ್‌ಎಲ್ ನಂಬಿಕೊಳ್ಳದೆ ಹೆಡ್‌ಲೈಟನ್ನು ಡಿಮ್‌ನಲ್ಲಿ ಹಾಕಲೇಬೇಕು. ಘಾಟಿಯಲ್ಲಿ ಮಂಜು ಬಂದೊಡನೆ ನಾಲ್ಕೂ ಇಂಡಿಕೇಟರ್ ಹಾಕಿಕೊಂಡು ಓಡಿಸುವ ಅಭ್ಯಾಸ ಹಲವರಿಗಿದೆ. ಅದರಿಂದ ತಿರುಗುವ ಸೂಚನೆಯೇ ಇಲ್ಲವಾಗುತ್ತದೆಯಾದ್ದರಿಂದ ಅದನ್ನು ಹೆಡ್‌ಲೈಟಿಗೆ ಬದಲಿಯಾಗಿ ಬಳಸಬಾರದು. ಜೀಪನ್ನು ಬೇರೆ ಚಾಲಕರೂ ಓಡಿಸುವುದಾದರೆ, ದೀಪ ಹಾಕಿಸಿದ ದಿನವೇ ಅವರಿಗೆ ಇದನ್ನು ತಿಳಿಸಿಬಿಡುವುದು ಒಳ್ಳೆಯದು.

ಕಾನೂನಿನ ವಿಷಯವನ್ನೂ ಇಲ್ಲಿಯೇ ಮುಗಿಸೋಣ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಕೊಟ್ಟ ಮೂಲ ವಿವರಗಳಿಗಿಂತ ಭಿನ್ನವಾಗುವಂತಹ ಮಾರ್ಪಾಡುಗಳನ್ನು ತಡೆಯುತ್ತದೆ. 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯವು ಬುಲ್ ಬಾರ್‌ಗಳನ್ನು, ಅಂದರೆ ಬಂಪರಿನ ಮುಂದೆ ಬಿಗಿಯುವ ಲೋಹದ ಕಂಬಿಗಳನ್ನು, ಇದೇ ಸೆಕ್ಷನ್ನಿನ ಉಲ್ಲಂಘನೆಯೆಂದು ರಾಜ್ಯಗಳಿಗೆ ಬರೆದಿತ್ತು. ಹೀಗಾಗಿ ಡಿಆರ್‌ಎಲ್ ಕೂರಿಸಲೆಂದು ಬುಲ್ ಬಾರ್ ಹಾಕಿಸುವುದಾಗಲಿ, ಇರುವ ಬುಲ್ ಬಾರಿಗೆ ದೀಪ ಬಿಗಿಯುವುದಾಗಲಿ ಬೇಡ. ಮುಂಭಾಗದಲ್ಲಿ ಕೆಂಪು, ನೀಲಿ ಅಥವಾ ಮಿನುಗುವ ದೀಪಗಳಿಗೆ ಅವಕಾಶವಿಲ್ಲ. ಸಂದೇಹವಿದ್ದವರು ಚಿಕ್ಕಮಗಳೂರಿನ ಅಥವಾ ಹಾಸನದ ಆರ್‌ಟಿಒ ಕಚೇರಿಯಲ್ಲಿ ಮೋಟಾರು ವಾಹನ ನಿರೀಕ್ಷಕರನ್ನು ಮೊದಲೇ ಕೇಳಿಕೊಂಡರೆ, ಎಫ್‌ಸಿ (ವಾಹನದ ಫಿಟ್‌ನೆಸ್ ಪತ್ರ) ಹೊತ್ತಿಗೆ ದೀಪ ಬಿಚ್ಚುವ ಪ್ರಮೇಯ ಬರುವುದಿಲ್ಲ. ವಾರಂಟಿಯೊಳಗಿನ ವಾಹನವಾದರೆ ಮೂಲ ವೈರಿಂಗ್ ಕತ್ತರಿಸಿದುದೇ ವಾರಂಟಿ ನಿರಾಕರಿಸಲು ಕಾರಣವಾಗಬಹುದೆಂಬುದನ್ನೂ ನೆನಪಿಡಬೇಕು.

ಯಾವ ದೀಪ ಕೊಳ್ಳಬೇಕು

ಮಾರುಕಟ್ಟೆಯಲ್ಲಿ ಮುಖ್ಯವಾಗಿ ಮೂರು ಬಗೆಯ ದೀಪಗಳು ಸಿಗುತ್ತವೆ. ಬಾಗುವ ಸಿಲಿಕಾನ್ ಪಟ್ಟಿ ಮೊದಲನೆಯದು, ಹಿಂಬದಿಗೆ ಅಲ್ಯೂಮಿನಿಯಂ ಕವಚವಿರುವ ಗಟ್ಟಿ ಮಾಡ್ಯೂಲ್ ಎರಡನೆಯದು, ಹೆಡ್‌ಲೈಟನ್ನೇ ಬದಲಾಯಿಸಿ ಹಾಕುವ ಉಂಗುರದ ದೀಪ ಮೂರನೆಯದು. ಸಿಲಿಕಾನ್ ಪಟ್ಟಿ ಅಗ್ಗವಾಗಿದ್ದರೂ ಅದರ ಬೆಳಕು ಹಗಲಿನಲ್ಲಿ ದೂರಕ್ಕೆ ಕಾಣುವುದಿಲ್ಲ, ಒಂದು ಮಳೆಗಾಲ ಕಳೆಯುವುದರೊಳಗೆ ಒಳಗೆ ನೀರು ಸೇರಿ ಅರ್ಧ ಉರಿದು ಅರ್ಧ ಆರುವುದೂ ಸಾಮಾನ್ಯ. ಉಂಗುರವಿರುವ ಏಳು ಇಂಚಿನ ಹೆಡ್‌ಲೈಟ್ ನೋಡಲು ಚೆನ್ನಾಗಿರುತ್ತದೆ, ಆದರೆ ಅದರ ಡಿಮ್ ಬೆಳಕಿನ ಗೆರೆ ಸರಿಯಿಲ್ಲದಿದ್ದರೆ ರಾತ್ರಿ ಎದುರಿನವರ ಕಣ್ಣು ಕೋರೈಸುತ್ತದೆ. ಹಗಲಿನ ಅನುಕೂಲಕ್ಕೆ ರಾತ್ರಿಯ ಬೆಳಕನ್ನು ಕೆಡಿಸಿಕೊಳ್ಳುವುದು ಸರಿಯಾದ ವ್ಯವಹಾರವಲ್ಲವೆಂದು ನನ್ನ ಅಭಿಪ್ರಾಯ. ತೋಟದ ಜೀಪಿಗೆ ಅಲ್ಯೂಮಿನಿಯಂ ಕವಚದ ಮಾಡ್ಯೂಲೇ ಸೂಕ್ತ.

ದೀಪದ ಗಾಜಿನ ಮೇಲೆ ವೃತ್ತದೊಳಗೆ ‘ಇ’ ಅಕ್ಷರ ಮತ್ತು ಒಂದು ಸಂಖ್ಯೆ, ಜೊತೆಗೆ ‘ಆರ್‌ಎಲ್’ ಎಂಬ ಇಂಗ್ಲಿಷ್ ಅಕ್ಷರಗಳು ಅಚ್ಚಾಗಿವೆಯೇ ಎಂದು ನೋಡಬೇಕು. ವಿಶ್ವಸಂಸ್ಥೆಯ ವಾಹನ ನಿಯಮಗಳಲ್ಲಿ ಆರ್87 ಎಂಬುದು ಡಿಆರ್‌ಎಲ್‌ಗೆ ಸಂಬಂಧಿಸಿದ್ದು, ಅದರ ಪ್ರಕಾರ ದೀಪದ ನೇರ ಮುಂಭಾಗದ ಬೆಳಕಿನ ತೀವ್ರತೆ 400 ಕ್ಯಾಂಡೆಲಾಗಿಂತ ಕಡಿಮೆಯಿರಬಾರದು, 1200 ಕ್ಯಾಂಡೆಲಾ ಮೀರಬಾರದು. ಕಡಿಮೆಯಾದರೆ ಬಿಸಿಲಿನಲ್ಲಿ ಕಾಣದು, ಹೆಚ್ಚಾದರೆ ಕಣ್ಣಿಗೆ ಚುಚ್ಚುತ್ತದೆ. ಮುದ್ರೆಯನ್ನು ನಕಲು ಮಾಡುವವರೂ ಇದ್ದಾರೆ, ಆದ್ದರಿಂದ ಅಂಗಡಿಯ ಮುಂದೆ ಬಿಸಿಲಿನಲ್ಲಿ ದೀಪ ಹೊತ್ತಿಸಿ, ಸ್ವಲ್ಪ ದೂರ ನಡೆದು ಹೋಗಿ, ನೇರದಿಂದಲೂ ಓರೆಯಿಂದಲೂ ನೋಡಿಯೇ ಕೊಳ್ಳುವುದು ಲೇಸು.

ನೀರಿನ ರಕ್ಷಣೆಗೆ ಐಪಿ67 ದರ್ಜೆಯಾದರೂ ಇರಬೇಕು. ಧೂಳು ಒಳಸೇರದಂತೆಯೂ, ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ಕೆಡದಂತೆಯೂ ಇರುವ ದರ್ಜೆ ಅದು. ಹಳ್ಳ ದಾಟುವ ಜೀಪಿಗೆ ಇಷ್ಟು ಸಾಕು. ಆದರೆ ವಾಟರ್ ಸರ್ವಿಸ್‌ನವರ ಪಂಪಿನ ನೀರು ಹಳ್ಳದ ನೀರಿಗಿಂತ ಹೆಚ್ಚು ಕಠೋರ. ಅಂತಹ ಒತ್ತಡದ ನೀರನ್ನು ತಡೆಯುವ ದರ್ಜೆ ಐಪಿ69ಕೆ. ಅದು ಸಿಕ್ಕಿದರೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಬಿಳಿಯ ಜೊತೆಗೆ ಹಳದಿ ಇಂಡಿಕೇಟರ್ ಕೂಡ ಓಡುವ ಎರಡು ಬಣ್ಣದ ದೀಪಗಳನ್ನು ನಾನು ಸಲಹೆ ಮಾಡುವುದಿಲ್ಲ. ಅವುಗಳಿಗೆ ಇಂಡಿಕೇಟರ್ ತಂತಿಯನ್ನೂ ಕೆದಕಬೇಕಾಗುತ್ತದೆ, ಕೆಡುವ ಜಾಗಗಳೂ ಎರಡು ಪಟ್ಟಾಗುತ್ತವೆ.

ಬೇಕಾಗುವ ಸಾಮಾನು

ದೀಪದ ಜೋಡಿಯಲ್ಲದೆ ಐದು ಕಾಲಿನ 12 ವೋಲ್ಟ್ ರಿಲೇ (ಸಣ್ಣ ವಿದ್ಯುತ್ತಿನ ಸೂಚನೆಗೆ ತಾನೇ ಬದಲಾಗುವ ಸ್ವಿಚ್ಚು) ಮತ್ತು ಅದರ ಸಾಕೆಟ್, ಬ್ಲೇಡ್ ಫ್ಯೂಸ್ ಹೋಲ್ಡರ್, 3 ಆಂಪಿಯರ್ ಫ್ಯೂಸ್‌ಗಳು, 0.75 ಅಥವಾ 1 ಚದರ ಮಿ.ಮೀ. ತಾಮ್ರದ ಆಟೋ ವೈರ್, ಸುರುಳಿ ಕೊಳವೆಯ ಸ್ಲೀವ್, ತಂತಿಯ ತುದಿಗೆ ಒತ್ತುವ ಉಂಗುರದ ಲಗ್‌ಗಳು, ಕಾಯಿಸಿದರೆ ಕುಗ್ಗುವ ಟ್ಯೂಬ್, ತಗಡಿನ ತೂತಿನ ಅಂಚಿಗೆ ಹಾಕುವ ರಬ್ಬರ್ ಗ್ರಾಮೆಟ್, ಕೇಬಲ್ ಟೈ, ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟು ಮತ್ತು ನೈಲಾನ್ ಲಾಕ್ ನಟ್ಟುಗಳು ಬೇಕು. ಉಪಕರಣಗಳಲ್ಲಿ ಡ್ರಿಲ್, ಸ್ಪಾನರ್, ಲಗ್ ಒತ್ತುವ ಕ್ರಿಂಪರ್ ಇವುಗಳ ಜೊತೆಗೆ ಒಂದು ಮಲ್ಟಿಮೀಟರ್ ಇರಲೇಬೇಕು. ಟೆಸ್ಟ್ ಲ್ಯಾಂಪ್ ಒಂದರಿಂದಲೇ ಕೆಲಸ ಮಾಡುವ ಹಳೆಯ ಎಲೆಕ್ಟ್ರಿಷಿಯನ್‌ಗಳಿದ್ದಾರೆ. ಹಳೆಯ ಜೀಪುಗಳಿಗೆ ಅದು ಸಾಕು, ಆದರೆ ಎಲೆಕ್ಟ್ರಾನಿಕ್ ಕಂಟ್ರೋಲ್ ಇರುವ ಹೊಸ ವಾಹನದಲ್ಲಿ ಟೆಸ್ಟ್ ಲ್ಯಾಂಪ್ ಎಳೆಯುವ ವಿದ್ಯುತ್ತೇ ತೊಂದರೆ ಕೊಡಬಹುದು.

ದೀಪ ಎಲ್ಲಿ ಕೂರಬೇಕು

ದೀಪಗಳನ್ನು ಮೊದಲು ಟೇಪಿನಿಂದ ತಾತ್ಕಾಲಿಕವಾಗಿ ಅಂಟಿಸಿ, ದೂರದಿಂದ ನೋಡಿ, ಅಳೆದು, ಆನಂತರವೇ ಡ್ರಿಲ್ ಹಿಡಿಯಬೇಕು. ವಿಶ್ವಸಂಸ್ಥೆಯ ಆರ್48 ನಿಯಮದ ಅಳತೆಗಳು ಇಲ್ಲಿ ಒಳ್ಳೆಯ ಮಾರ್ಗದರ್ಶನ ನೀಡುತ್ತವೆ: ನೆಲದಿಂದ ದೀಪದ ಎತ್ತರ 250 ಮಿ.ಮೀ.ಗಿಂತ ಕಡಿಮೆಯಾಗಬಾರದು, 1500 ಮಿ.ಮೀ. ಮೀರಬಾರದು, ಎರಡು ದೀಪಗಳ ಒಳ ಅಂಚುಗಳ ನಡುವೆ ಕನಿಷ್ಠ 600 ಮಿ.ಮೀ. ಅಂತರವಿರಬೇಕು. ದೀಪವು ನೇರ ಮುಂದಕ್ಕೆ ನೋಡುತ್ತಿರಬೇಕು, ಎಡಕ್ಕೂ ಬಲಕ್ಕೂ 20 ಡಿಗ್ರಿಗಳಷ್ಟು ಮತ್ತು ಮೇಲಕ್ಕೂ ಕೆಳಕ್ಕೂ 10 ಡಿಗ್ರಿಗಳಷ್ಟು ಅಡೆತಡೆಯಿಲ್ಲದೆ ಕಾಣಬೇಕು. ಮುಂದೆ ವಿಂಚ್ ಅಥವಾ ಟೋ ಹುಕ್ ಇರುವ ವಾಹನಗಳಲ್ಲಿ ಇದನ್ನು ವಿಶೇಷವಾಗಿ ಪರೀಕ್ಷಿಸಬೇಕು. ಜೀಪಿನ ಒಂದು ಪಕ್ಕದ ಮುಂದಿನ ಚಕ್ರದಾಚೆ ಓರೆಯಾಗಿ ನಿಂತು ನೋಡಿದರೆ, ದೀಪವನ್ನು ಏನಾದರೂ ಮರೆಮಾಡುತ್ತಿದೆಯೇ ಎಂಬುದು ತಾನೇ ಗೊತ್ತಾಗುತ್ತದೆ.

ನಿಯಮದ ಕನಿಷ್ಠ ಎತ್ತರ 250 ಮಿ.ಮೀ. ಇದ್ದರೂ, ನಮ್ಮ ಕಡೆಯ ಜೀಪುಗಳಿಗೆ ಅದು ತೀರ ಕೆಳಗಾಯಿತು. ಕ್ಯಾತನಮಕ್ಕಿಯಂತಹ ಗುಡ್ಡದ ದಾರಿ ಏರುವಾಗ ಬಂಪರಿನ ಕೆಳತುದಿಗೆ ಕಲ್ಲು ತಾಗುವುದು ಮಾಮೂಲು. ಕೆಸರು ಮೊದಲು ಮೆತ್ತಿಕೊಳ್ಳುವುದೂ ಅಲ್ಲಿಗೇ. ಬಂಪರಿನ ಮೇಲಂಚು ಅಥವಾ ಗ್ರಿಲ್ಲಿನ ಇಕ್ಕೆಲಗಳು ಉತ್ತಮ ಜಾಗ. ಗ್ರಿಲ್ಲಿಗೆ ಹಾಕುವುದಾದರೆ ರೇಡಿಯೇಟರಿಗೆ ಹೋಗುವ ಗಾಳಿಯನ್ನು ತಡೆಯಬಾರದು, ಏಕೆಂದರೆ ಲೋ ಗೇರಿನಲ್ಲಿ ನಿಧಾನವಾಗಿ ಗುಡ್ಡ ಹತ್ತುವ ಎಂಜಿನ್ನಿಗೆ ಆ ಗಾಳಿಯೇ ಆಧಾರ. ಇಂಡಿಕೇಟರಿನಿಂದಲೂ ಸಾಕಷ್ಟು ದೂರವಿರಲಿ. 40 ಮಿ.ಮೀ.ಗಿಂತ ಹತ್ತಿರವಿದ್ದರೆ ಡಿಆರ್‌ಎಲ್‌ನ ಬಿಳಿ ಬೆಳಕಿನಲ್ಲಿ ಹಳದಿ ಮಿನುಗು ಮರೆಯಾಗುತ್ತದೆಯೆಂಬ ಕಾರಣಕ್ಕೆ, ಅಂತಹ ಸಂದರ್ಭದಲ್ಲಿ ಇಂಡಿಕೇಟರ್ ಮಿನುಗುವಾಗ ಆ ಬದಿಯ ಡಿಆರ್‌ಎಲ್ ಆರಲು ಅಥವಾ ಮಂಕಾಗಲು ನಿಯಮವು ಅನುವು ಮಾಡಿಕೊಡುತ್ತದೆ. ದೂರವಿಟ್ಟರೆ ಆ ರಗಳೆಯೇ ಇಲ್ಲ.

ಕೂರಿಸುವ ಕೆಲಸ

ಕೀಲಿ ತೆಗೆದು ಕೆಲವು ನಿಮಿಷ ಕಾದು, ಬ್ಯಾಟರಿಯ ನೆಗೆಟಿವ್ ಕೇಬಲ್ ಬಿಚ್ಚಿ, ಅದು ಮತ್ತೆ ತಾಗದಂತೆ ಬಟ್ಟೆ ಸುತ್ತಿ ಪಕ್ಕಕ್ಕಿಡಬೇಕು. ಅಂಟು ಟೇಪಿನ ಮೇಲೆ ಮಾತ್ರ ಭರವಸೆಯಿಡುವುದು ಮಲೆನಾಡಿಗೆ ಒಗ್ಗುವ ಕ್ರಮವಲ್ಲ. ಜುಲೈ ತಿಂಗಳ ತೇವದಲ್ಲಿ ಟೇಪು ಹಿಡಿಯುವುದೇ ಇಲ್ಲ, ಹಿಡಿದರೂ ಕಲ್ಲುದಾರಿಯ ಕುಲುಕಾಟಕ್ಕೆ ಬಿಟ್ಟುಕೊಳ್ಳುತ್ತದೆ. ಬ್ರಾಕೆಟ್ ಮತ್ತು ಬೋಲ್ಟು ಬಳಸಿ, ಪ್ರತಿಯೊಂದಕ್ಕೂ ನೈಲಾನ್ ಲಾಕ್ ನಟ್ಟು ಹಾಕಬೇಕು. ಲೋಹದ ಬಂಪರಿಗೆ ತೂತು ಕೊರೆದ ಮೇಲೆ ಅದರ ಅಂಚನ್ನು ಅರದಿಂದ ಉಜ್ಜಿ, ರೆಡ್ ಆಕ್ಸೈಡ್ ಹಚ್ಚಿ, ಒಣಗಿದ ನಂತರ ಮೇಲೆ ಬಣ್ಣ ಹಚ್ಚದಿದ್ದರೆ ಮಳೆಗಾಲದಲ್ಲಿ ಆ ತೂತಿನಿಂದಲೇ ತುಕ್ಕು ಹರಡುತ್ತದೆ. ಅಲ್ಯೂಮಿನಿಯಂ ಕವಚದ ಹಿಂಬದಿಗೆ ಗಾಳಿಯಾಡಲು ಕೊಂಚ ಜಾಗ ಬಿಡಬೇಕು. ಎಲ್‌ಇಡಿ ಕೆಡುವುದು ಹೆಚ್ಚಾಗಿ ಬಿಸಿಯಿಂದ.

ಇಲ್ಲಿ ಫೋರ್ ವ್ಹೀಲ್ ಡ್ರೈವ್ ವಾಹನಗಳಿಗೇ ವಿಶಿಷ್ಟವಾದ ಒಂದು ಸಂಗತಿಯಿದೆ. ಜೀಪು, ಜಿಪ್ಸಿ, ಥಾರ್ ಇವೆಲ್ಲವೂ ಪ್ರತ್ಯೇಕ ಚಾಸಿಯ ಮೇಲೆ ರಬ್ಬರ್ ಮೌಂಟುಗಳ ಮೂಲಕ ಬಾಡಿ ಕೂರಿಸಿದ ವಾಹನಗಳು. ಬಂಪರ್ ಬಿಗಿದಿರುವುದು ಚಾಸಿಗೆ, ಬ್ಯಾಟರಿ ಮತ್ತು ಫ್ಯೂಸ್ ಬಾಕ್ಸ್ ಇರುವುದು ಸಾಮಾನ್ಯವಾಗಿ ಬಾಡಿಯ ಕಡೆ. ಒಂದು ಚಕ್ರ ಹೊಂಡಕ್ಕೆ ಇಳಿದು ಇನ್ನೊಂದು ಬಂಡೆ ಏರಿದಾಗ ಇವೆರಡೂ ಒಂದಕ್ಕೊಂದು ಅಲುಗಾಡುತ್ತವೆ. ಆದ್ದರಿಂದ ಬಂಪರಿನಿಂದ ಬಾಡಿಗೆ ಹೋಗುವ ತಂತಿಯನ್ನು ಬಿಗಿಯಾಗಿ ಎಳೆದು ಕಟ್ಟಬಾರದು. ಒಂದು ಗೇಣಿನಷ್ಟು ಸಡಿಲ ಬಿಟ್ಟು, ಆ ಸಡಿಲ ಭಾಗವು ಫ್ಯಾನಿಗಾಗಲಿ, ಬಿಸಿಯಾಗುವ ಎಕ್ಸಾಸ್ಟ್ ಮ್ಯಾನಿಫೋಲ್ಡಿಗಾಗಲಿ, ಸ್ಟೇರಿಂಗ್ ರಾಡಿಗಾಗಲಿ ಸಿಗದಂತೆ ನೋಡಿಕೊಳ್ಳಬೇಕು. ಕನೆಕ್ಟರಿಗೆ ಬರುವ ತಂತಿ ಮೊದಲು ಕೆಳಕ್ಕೆ ಬಾಗಿ ಆಮೇಲೆ ಮೇಲೇರುವಂತಿದ್ದರೆ, ತಂತಿಯ ಗುಂಟ ಹರಿದು ಬರುವ ನೀರು ಆ ಬಾಗಿನಲ್ಲಿಯೇ ತೊಟ್ಟಿಕ್ಕಿ ಹೋಗುತ್ತದೆ.

ವಿದ್ಯುತ್ ಎಲ್ಲಿಂದ, ದೀಪ ಆರುವುದು ಹೇಗೆ

ಇದೇ ಈ ಕೆಲಸದ ತಿರುಳು. ಒಂದು ಜೋಡಿ ಡಿಆರ್‌ಎಲ್ ಒಟ್ಟಾಗಿ 16 ವ್ಯಾಟ್ ಬಳಸುತ್ತದೆಯೆಂದುಕೊಂಡರೆ, ಎಂಜಿನ್ ಓಡುವಾಗಿನ 13.8 ವೋಲ್ಟಿಗೆ ಅದು ಎಳೆಯುವುದು ಸುಮಾರು 1.2 ಆಂಪಿಯರ್ ಮಾತ್ರ. ಆದ್ದರಿಂದ 3 ಆಂಪಿಯರ್ ಫ್ಯೂಸ್ ಧಾರಾಳವಾಯಿತು. ಫ್ಯೂಸ್ ಇರುವುದು ದೀಪವನ್ನು ಉಳಿಸಲಿಕ್ಕಲ್ಲ, ತಂತಿ ಎಲ್ಲಿಯಾದರೂ ಸವೆದು ಬಾಡಿಗೆ ತಾಗಿದರೆ ಬೆಂಕಿ ಹತ್ತದಂತೆ ತಡೆಯಲಿಕ್ಕೆ. ಫ್ಯೂಸ್ ಹೋಯಿತೆಂದು ಸಿಗರೇಟು ಪ್ಯಾಕಿನ ಹಾಳೆ ಸುತ್ತಿ ತುರುಕುವ ಜಾಣರು ಪ್ರತಿ ಊರಿನಲ್ಲೂ ಸಿಗುತ್ತಾರೆ. ಅವರ ಕೈಗೆ ಜೀಪು ಕೊಡಬಾರದು.

ಕೀಲಿ ಆನ್ ಆದಾಗ ಮಾತ್ರ ವಿದ್ಯುತ್ ಬರುವ ಒಂದು ಮೂಲವನ್ನು ಮಲ್ಟಿಮೀಟರಿನಿಂದ ಹುಡುಕಬೇಕು. ಫ್ಯೂಸ್ ಬಾಕ್ಸ್ ಇರುವ ವಾಹನಗಳಲ್ಲಿ ವೈಪರ್ ಅಥವಾ ಬ್ಲೋವರ್ ಫ್ಯೂಸಿನ ಜಾಗಕ್ಕೆ ಫ್ಯೂಸ್ ಟ್ಯಾಪ್ (ಒಂದೇ ಜಾಗದಿಂದ ಎರಡು ಫ್ಯೂಸ್ ಓಡಿಸುವ ಹೋಲ್ಡರ್) ಹಾಕುವುದು ಸುಲಭ. ಟ್ಯಾಪಿನ ಕೆಳಗಿನ ಖಾನೆಗೆ ಮೂಲ ಫ್ಯೂಸ್, ಮೇಲಿನದಕ್ಕೆ ಹೊಸ 3 ಆಂಪಿಯರ್ ಫ್ಯೂಸ್. ಟ್ಯಾಪಿನ ಎರಡೂ ಫ್ಯೂಸ್‌ಗಳಿಗೆ ಸಮಾನವಾಗಿರುವ ಕಾಲು, ವಿದ್ಯುತ್ ಒಳಬರುವ ಬದಿಗೇ ಇರಬೇಕು. ತಿರುಗಿಸಿ ಹಾಕಿದರೆ ಡಿಆರ್‌ಎಲ್‌ನ ಭಾರವೂ ಮೂಲ ಫ್ಯೂಸಿನ ಮೇಲೆಯೇ ಬೀಳುತ್ತದೆ. ಏರ್‌ಬ್ಯಾಗ್, ಎಬಿಎಸ್, ಎಂಜಿನ್ ಕಂಟ್ರೋಲ್ ಇವುಗಳ ಫ್ಯೂಸನ್ನು ಮುಟ್ಟಲೇಬಾರದು. ಹಳೆಯ ಡೀಸೆಲ್ ಜೀಪುಗಳಲ್ಲಿ ಹೀಟರ್ ತಂತಿಯಿಂದ ವಿದ್ಯುತ್ ತೆಗೆಯಬಾರದು, ಏಕೆಂದರೆ ಅದರಲ್ಲಿ ವಿದ್ಯುತ್ ಇರುವುದು ಸ್ಟಾರ್ಟ್ ಮಾಡುವ ಮೊದಲು ಎಂಜಿನ್ ಕಾಯಿಸುವಷ್ಟು ಹೊತ್ತು ಮಾತ್ರ. ಸ್ಟಾಪ್ ಕೇಬಲ್ ಎಳೆದು ಎಂಜಿನ್ ನಿಲ್ಲಿಸುವ ಜೀಪುಗಳಲ್ಲಂತೂ ಕೀಲಿ ಆಫ್ ಮಾಡಿದರೂ ಎಂಜಿನ್ ಓಡುತ್ತಲೇ ಇರಬಹುದು. ಹಾಗೆ ಓಡಿಸಿದರೆ ಡಿಆರ್‌ಎಲ್ ಉರಿಯುವುದಿಲ್ಲವೆಂಬುದು ಚಾಲಕನಿಗೆ ತಿಳಿದಿರಲಿ.

ಇನ್ನು ರಿಲೇ ಜೋಡಣೆ. ಐದು ಕಾಲಿನ ರಿಲೇಯ ಮೇಲೆ 30, 85, 86, 87, 87ಎ ಎಂಬ ಗುರುತುಗಳಿರುತ್ತವೆ. ಫ್ಯೂಸ್ ಟ್ಯಾಪಿನಿಂದ ಬರುವ ತಂತಿಯನ್ನು 30ಕ್ಕೆ, ಎರಡೂ ದೀಪಗಳ ಪಾಸಿಟಿವ್ ತಂತಿಗಳನ್ನು 87ಎಗೆ, ಪಾರ್ಕ್ ಲೈಟಿನಿಂದ ತೆಗೆದ ಸಣ್ಣ ತಂತಿಯನ್ನು 86ಕ್ಕೆ, ಅರ್ಥ್ ತಂತಿಯನ್ನು 85ಕ್ಕೆ ಜೋಡಿಸಬೇಕು. 87 ಖಾಲಿ ಉಳಿಯುತ್ತದೆ. ಅದರ ತಂತಿ ಸಾಕೆಟ್ಟಿನಿಂದ ಹೊರಬಂದಿದ್ದರೆ ತುದಿಗೆ ಇನ್ಸುಲೇಶನ್ ಹಾಕಿ ಮುಚ್ಚಬೇಕು. ರಿಲೇ ಸುಮ್ಮನಿರುವಾಗ 30 ಮತ್ತು 87ಎ ಕೂಡಿಕೊಂಡಿರುವುದರಿಂದ ಕೀಲಿ ಆನ್ ಆದೊಡನೆ ದೀಪ ಹೊತ್ತುತ್ತದೆ. ಪಾರ್ಕ್ ಲೈಟ್ ಹಾಕಿದೊಡನೆ ರಿಲೇ ಎಳೆದುಕೊಂಡು 87ಎ ಬಿಡುತ್ತದೆ, ದೀಪ ಆರುತ್ತದೆ. ಒಳಗೆ ಡಯೋಡ್ ಇರುವ ರಿಲೇಯಾದರೆ 86ಕ್ಕೇ ಪಾಸಿಟಿವ್ ಕೊಡಬೇಕು, ಅದಲುಬದಲಾದರೆ ಡಯೋಡ್ ಸುಟ್ಟುಹೋಗುತ್ತದೆ.

ಹೆಡ್‌ಲೈಟಿನ ತಂತಿಯನ್ನು ಬಿಟ್ಟು ಪಾರ್ಕ್ ಲೈಟಿನ ತಂತಿಯನ್ನೇಕೆ ಹಿಡಿಯಬೇಕು ಎಂದು ಕೇಳಬಹುದು. ಡಿಮ್, ಹೈ ಬೀಮ್ ಎರಡೂ ಒಂದರಲ್ಲೇ ಇರುವ ಎಚ್4 ಬಲ್ಬಿನ ಹೆಡ್‌ಲೈಟುಗಳಲ್ಲಿ ಡಿಪ್ಪರ್ ಒತ್ತಿ ಹೈ ಬೀಮಿಗೆ ಹೋದೊಡನೆ ಡಿಮ್ ತಂತಿಯ ವಿದ್ಯುತ್ ನಿಲ್ಲುತ್ತದೆ. ರಿಲೇಯನ್ನು ಡಿಮ್ ತಂತಿಗೆ ಕೊಟ್ಟಿದ್ದರೆ, ರಾತ್ರಿ ಹೈ ಬೀಮ್ ಹಾಕಿದಾಗಲೆಲ್ಲ ಡಿಆರ್‌ಎಲ್ ಕೂಡ ಹೊತ್ತಿಕೊಳ್ಳುತ್ತದೆ. ಕೆಲವು ವಾಹನಗಳಲ್ಲಿ ಹೆಡ್‌ಲೈಟಿಗೆ ಪಾಸಿಟಿವ್ ಸದಾ ಇದ್ದು ಸ್ವಿಚ್ಚು ನೆಗೆಟಿವ್ ಬದಿಯನ್ನು ಕೂಡಿಸುತ್ತದೆಯಾದ್ದರಿಂದ, ಅಲ್ಲಿ ಲೆಕ್ಕವೇ ತಪ್ಪುತ್ತದೆ. ಪಾರ್ಕ್ ಲೈಟ್ ಡಿಮ್‌ನಲ್ಲಿಯೂ ಹೈ ಬೀಮಿನಲ್ಲಿಯೂ ಉರಿಯುತ್ತಲೇ ಇರುತ್ತದೆ, ಮತ್ತು ಹಗಲಿನಲ್ಲಿ ಪಾಸ್ ಲೈಟ್ (ಎದುರಿನವರಿಗೆ ಸನ್ನೆಯಾಗಿ ಕ್ಷಣಕಾಲ ಹಾಕುವ ಹೈ ಬೀಮ್) ಮಿನುಗಿಸಿದರೆ ಡಿಆರ್‌ಎಲ್ ಆರುವುದಿಲ್ಲ. ಆರ್48 ನಿಯಮ ಬಯಸುವುದೂ ಇದನ್ನೇ. ಹಳೆಯ ಜೀಪಿನ ಎಳೆಯುವ ಸ್ವಿಚ್ಚಿನಲ್ಲಿ ಎರಡನೆಯ ಹಂತಕ್ಕೆ ಹೋದಾಗ ಮುಂದಿನ ಪಾರ್ಕ್ ಲೈಟ್ ಆರುತ್ತದೆಯೇ ಎಂಬುದನ್ನು ಮಾತ್ರ ಮೊದಲೇ ನೋಡಿಕೊಳ್ಳಬೇಕು. ಆರುವುದಾದರೆ ಟೇಲ್ ಲ್ಯಾಂಪಿನ ತಂತಿಯನ್ನು ಬಳಸಬೇಕು. ಈ ಕ್ರಮದ ಒಂದು ಕೊರತೆಯೆಂದರೆ, ಮಂಜಿನಲ್ಲಿ ಪಾರ್ಕ್ ಲೈಟ್ ಮಾತ್ರ ಹಾಕಿಕೊಂಡು ಓಡಿಸುವವರಿಗೆ ಡಿಆರ್‌ಎಲ್ ಆರಿ ಮುಂದಿನ ಬೆಳಕು ಇನ್ನೂ ಕಡಿಮೆಯಾಗುತ್ತದೆ. ಅದಕ್ಕೆ ಉತ್ತರ ವೈರಿಂಗಿನಲ್ಲಿಲ್ಲ. ಪಾರ್ಕ್ ಲೈಟ್ ಇರುವುದು ನಿಲ್ಲಿಸಿದ ವಾಹನಕ್ಕೆ, ಓಡುವಾಗ ಹೆಡ್‌ಲೈಟೇ ಬೇಕು.

ಫ್ಯೂಸ್ ಬಾಕ್ಸಿನಲ್ಲಿ ಸರಿಯಾದ ಜಾಗ ಸಿಗದ ಹಳೆಯ ಜೀಪುಗಳಲ್ಲಿ ಇನ್ನೊಂದು ನಾಲ್ಕು ಕಾಲಿನ ರಿಲೇ ಸೇರಿಸಬೇಕಾಗುತ್ತದೆ. ಬ್ಯಾಟರಿ ಪಾಸಿಟಿವ್‌ನಿಂದ, ಒಂದು ಗೇಣಿನೊಳಗೇ ಫ್ಯೂಸ್ ಹಾಕಿ, ಈ ರಿಲೇಯ 30ಕ್ಕೆ ತಂತಿ ತರಬೇಕು. ಕೀಲಿಯಿಂದ ಬರುವ ಸಣ್ಣ ತಂತಿ 86ಕ್ಕೆ, ಅರ್ಥ್ 85ಕ್ಕೆ, ಮತ್ತು 87ರಿಂದ ಹೊರಟ ತಂತಿ ಮೇಲೆ ಹೇಳಿದ ಐದು ಕಾಲಿನ ರಿಲೇಯ 30ಕ್ಕೆ. ಹೀಗೆ ಮಾಡಿದರೆ ಹಳೆಯ ಕೀಲಿ ಸ್ವಿಚ್ಚಿನ ಮೇಲೆ ರಿಲೇಗಳ ಸಣ್ಣ ಭಾರವಲ್ಲದೆ ಬೇರೇನೂ ಬೀಳುವುದಿಲ್ಲ.

ಕೀಲಿ ತಂತಿಯೇ ಬೇಡ, ಬ್ಯಾಟರಿಗೆ ನೇರ ಜೋಡಿಸಿದರೆ ಸಾಕು, ಎಂಜಿನ್ ಓಡುವಾಗ ಏರುವ ವೋಲ್ಟೇಜನ್ನು ಗುರುತಿಸಿ ತಾನೇ ಹೊತ್ತಿಸುತ್ತದೆ ಎಂದು ಮಾರುವ ಕಂಟ್ರೋಲರ್ ಪೆಟ್ಟಿಗೆಗಳೂ ಇವೆ. ಹಳೆಯ ಮಾದರಿಯ ಆಲ್ಟರ್ನೇಟರ್ ಇರುವ ವಾಹನಗಳಲ್ಲಿ ಇವು ಕೆಲಸ ಮಾಡುತ್ತವೆ. ಆದರೆ ಬ್ಯಾಟರಿ ತುಂಬಿದ ಮೇಲೆ ವೋಲ್ಟೇಜನ್ನು ತಾನೇ ಇಳಿಸುವ ಸ್ಮಾರ್ಟ್ ಆಲ್ಟರ್ನೇಟರ್ ಇರುವ ಹೊಸ ವಾಹನಗಳಲ್ಲಿ, ದೀಪ ದಾರಿಯುದ್ದಕ್ಕೂ ಹೊತ್ತುತ್ತ ಆರುತ್ತ ಹೋಗಬಹುದು. ಬಾಡಿ ಕಂಟ್ರೋಲ್ ಮಾಡ್ಯೂಲಿನ (ದೀಪ ಮುಂತಾದವನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆಯ) ಮೂಲಕ ದೀಪಗಳಿಗೆ ಮಿಡಿತದ ರೂಪದಲ್ಲಿ ವಿದ್ಯುತ್ ಕೊಡುವ ವಾಹನಗಳಲ್ಲಿ ಪಾರ್ಕ್ ಲೈಟ್ ತಂತಿಗೆ ರಿಲೇ ಜೋಡಿಸಿದರೆ ರಿಲೇ ಕಟಕಟ ಎನ್ನಲೂಬಹುದು. ಅಂತಹ ಹೊಸ ವಾಹನಗಳಿಗೆ ತಂತಿ ಕತ್ತರಿಸದೆ ಕಪ್ಲರಿಗೆ ಕಪ್ಲರ್ ಕೂರುವ, ಆ ಮಾದರಿಗೇ ಮಾಡಿದ ಕಿಟ್ ಕೊಳ್ಳುವುದೇ ವಿವೇಕ.

ಅರ್ಥ್ ಮತ್ತು ಜೋಡಣೆಗಳು

ಮಲೆನಾಡಿನಲ್ಲಿ ಹೊರಗಿನಿಂದ ಹಾಕಿದ ದೀಪಗಳು ಕೆಡುವುದು ಹೆಚ್ಚಾಗಿ ಅರ್ಥ್ ಹೋಗಿ. ಹತ್ತಿರದಲ್ಲಿದೆಯೆಂದು ದೀಪದ ನೆಗೆಟಿವ್ ತಂತಿಯನ್ನು ಬಂಪರಿನ ಬೋಲ್ಟಿಗೇ ಬಿಗಿಯುತ್ತಾರೆ. ಆಗ ವಿದ್ಯುತ್ತು ಬಂಪರಿನಿಂದ ಚಾಸಿಗೆ, ಚಾಸಿಯಿಂದ ಅರ್ಥ್ ಪಟ್ಟಿಯ ಮೂಲಕ ಬಾಡಿಗೆ ಮತ್ತು ಬ್ಯಾಟರಿಗೆ ಮರಳಬೇಕು. ಈ ದಾರಿಯ ಪ್ರತಿಯೊಂದು ಬೋಲ್ಟಿನಲ್ಲೂ ತುಕ್ಕಿರುತ್ತದೆ. ಇದರ ಬದಲು ಎರಡೂ ದೀಪಗಳ ನೆಗೆಟಿವ್ ತಂತಿಗಳನ್ನು ರಿಲೇವರೆಗೂ ಜೊತೆಯಲ್ಲಿಯೇ ತಂದು, ಬ್ಯಾಟರಿಯ ಅರ್ಥ್ ಕೇಬಲ್ ಬಾಡಿಗೆ ಬಿಗಿದಿರುವ ಜಾಗದಲ್ಲಿ ಲಗ್ ಹಾಕಿ ಸೇರಿಸಬೇಕು. ಅಲ್ಲಿನ ಬಣ್ಣವನ್ನು ಉಪ್ಪುಕಾಗದದಿಂದ ಉಜ್ಜಿ ಲೋಹ ಹೊಳೆಯುವಂತೆ ಮಾಡಿ, ಬಿಗಿದ ಮೇಲೆ ಗ್ರೀಸ್ ಅಥವಾ ಪೆಟ್ರೋಲಿಯಂ ಜೆಲ್ಲಿ ಸವರಬೇಕು. ಬ್ಯಾಟರಿಯ ನೆಗೆಟಿವ್ ತಲೆಯ ಮೇಲೆ ಸೆನ್ಸರ್ ಇರುವ ಹೊಸ ವಾಹನಗಳಲ್ಲಿ ಆ ತಲೆಗೆ ನೇರವಾಗಿ ತಂತಿ ಬಿಗಿಯಬಾರದು, ಸೆನ್ಸರಿನ ಲೆಕ್ಕಕ್ಕೆ ಬರದೆ ವಿದ್ಯುತ್ ಹರಿದಂತಾಗುತ್ತದೆ.

ತಂತಿಗಳನ್ನು ಕೈಯಿಂದ ಹೊಸೆದು ಮೇಲೆ ಇನ್ಸುಲೇಶನ್ ಟೇಪ್ ಸುತ್ತುವ ಪದ್ಧತಿ ಬಯಲುಸೀಮೆಯಲ್ಲಿ ಕೆಲವು ವರ್ಷ ನಡೆಯಬಹುದು; ಇಲ್ಲಿ ಒಂದು ಮಳೆಗಾಲಕ್ಕೇ ಟೇಪಿನ ಅಂಟು ಜಾರಿ, ತಾಮ್ರ ಹಸಿರುಗಟ್ಟುತ್ತದೆ. ಜೋಡಣೆಯನ್ನು ಕ್ರಿಂಪರಿನಿಂದ ಒತ್ತಿ, ಒಳಗೆ ಅಂಟಿರುವ ಕುಗ್ಗುವ ಟ್ಯೂಬ್ ಹಾಕಿ ಕಾಯಿಸಿದರೆ ನೀರು ಒಳಗಿಳಿಯುವುದಿಲ್ಲ. ತಂತಿಯನ್ನು ಕತ್ತರಿಸದೆ ಮೇಲಿನಿಂದ ಚುಚ್ಚಿ ಹಿಡಿಯುವ ಪ್ಲಾಸ್ಟಿಕ್ ಕ್ಲಿಪ್‌ಗಳನ್ನು ಬಾನೆಟ್ಟಿನ ಕೆಳಗೆ ಬಳಸಲೇಬಾರದು. ರಿಲೇಯನ್ನು ಕಾಲುಗಳು ಕೆಳಮುಖವಾಗಿರುವಂತೆ, ಬಾಡಿಯ ಎತ್ತರದ ಜಾಗದಲ್ಲಿ ಬಿಗಿಯಬೇಕು. ಲೋಹದ ತಗಡಿನ ತೂತಿನ ಮೂಲಕ ತಂತಿ ಹಾಯುವಲ್ಲೆಲ್ಲ ಗ್ರಾಮೆಟ್ ಇರಲಿ.

ಪರೀಕ್ಷೆ

ಬ್ಯಾಟರಿ ಜೋಡಿಸಿ, ಕೀಲಿ ಆಫ್ ಇರುವಾಗ ದೀಪ ಆರಿರುವುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. ಕೀಲಿ ಆನ್ ಮಾಡಿದಾಗ ಎರಡೂ ಹೊತ್ತಬೇಕು, ಪಾರ್ಕ್ ಲೈಟ್, ಡಿಮ್, ಹೈ ಬೀಮ್ ಮೂರರಲ್ಲೂ ಆರಿರಬೇಕು, ಪಾಸ್ ಲೈಟ್ ಮಿನುಗಿಸುವಾಗ ಮತ್ತು ಇಂಡಿಕೇಟರ್ ಹಾಕಿದಾಗ ಬದಲಾಗಬಾರದು. ಆಮೇಲೆ ಎಂಜಿನ್ ಓಡುತ್ತಿರುವಾಗ, ದೀಪ ಉರಿಯುತ್ತಿರುವಂತೆಯೇ, ಮಲ್ಟಿಮೀಟರಿನ ಒಂದು ಕಡ್ಡಿಯನ್ನು ದೀಪದ ನೆಗೆಟಿವ್ ತಂತಿಗೂ ಇನ್ನೊಂದನ್ನು ಬ್ಯಾಟರಿಯ ನೆಗೆಟಿವ್ ತಲೆಗೂ ಹಿಡಿಯಬೇಕು. 0.1 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ಥ್ ಸರಿಯಿಲ್ಲ, ಮತ್ತೆ ಉಜ್ಜಿ ಬಿಗಿಯಬೇಕು. ಪಾಸಿಟಿವ್ ಬದಿಯಲ್ಲಿ ಬ್ಯಾಟರಿಗೂ ದೀಪಕ್ಕೂ ನಡುವೆ ಅರ್ಧ ವೋಲ್ಟಿನೊಳಗಿನ ವ್ಯತ್ಯಾಸವಿದ್ದರೆ ಅಡ್ಡಿಯಿಲ್ಲ. ಕೊನೆಗೆ ಕೊಳಾಯಿಯ ನೀರನ್ನು ಸ್ವಲ್ಪ ಹೊತ್ತು ದೀಪಗಳ ಮೇಲೆ ಬಿಟ್ಟು, ಕಲ್ಲುದಾರಿಯಲ್ಲಿ ಒಂದು ಸುತ್ತು ಓಡಿಸಿ ಬಂದು, ನಟ್ಟುಗಳನ್ನು ಇನ್ನೊಮ್ಮೆ ಬಿಗಿದು ನೋಡಬೇಕು.

ಮಳೆಗಾಲದ ನಿಗಾ

ಮುಂಗಾರು ಶುರುವಾಗುವ ಮುನ್ನ ಒಮ್ಮೆ, ಮುಗಿದ ಮೇಲೆ ಒಮ್ಮೆ ಅರ್ಥ್ ಲಗ್ ಬಿಚ್ಚಿ ನೋಡಿ ಮೇಲಿನ ವೋಲ್ಟೇಜ್ ಪರೀಕ್ಷೆಯನ್ನು ಮತ್ತೆ ಮಾಡಿದರೆ ಸಾಕು. ತೋಟದ ಶೆಡ್ಡಿನಲ್ಲಿ ವಾರಗಟ್ಟಲೆ ನಿಲ್ಲುವ ಜೀಪಾದರೆ ಬಾನೆಟ್ ಎತ್ತಿ ಇಲಿ ತಂತಿ ಕಡಿದಿದೆಯೇ ಎಂದು ನೋಡಬೇಕು. ಪ್ಲಾಸ್ಟಿಕ್ ಸ್ಲೀವ್ ಸವೆತವನ್ನು ತಡೆಯುತ್ತದೆಯೇ ಹೊರತು ಇಲಿಯ ಹಲ್ಲನ್ನಲ್ಲ. ವಾಟರ್ ಸರ್ವಿಸ್‌ಗೆ ಬಿಟ್ಟಾಗ ಕನೆಕ್ಟರುಗಳಿಗೂ ರಿಲೇಗೂ ಹತ್ತಿರದಿಂದ ಪಂಪು ಹಿಡಿಯಬಾರದೆಂದು ಹೇಳಿಬಿಡಬೇಕು. ಗಾಜಿನ ಮೇಲಿನ ಕೆಸರನ್ನು ಒದ್ದೆ ಬಟ್ಟೆಯಿಂದ ಒರೆಸಬೇಕು, ಒಣ ಬಟ್ಟೆ ತಿಕ್ಕಿದರೆ ಗೀರು ಬಿದ್ದು ಬೆಳಕು ಮಬ್ಬಾಗುತ್ತದೆ.

ಎರಡರಲ್ಲಿ ಒಂದು ದೀಪ ಕೆಟ್ಟರೆ, ಮೊದಲು ಎರಡೂ ಬದಿಯ ಕನೆಕ್ಟರುಗಳನ್ನು ಅದಲುಬದಲು ಮಾಡಿ ನೋಡಿದರೆ ತೊಂದರೆ ತಂತಿಯಲ್ಲಿದೆಯೋ ದೀಪದಲ್ಲಿದೆಯೋ ತಿಳಿಯುತ್ತದೆ. ದೀಪವೇ ಕೆಟ್ಟಿದ್ದರೆ ಜೋಡಿಯನ್ನೇ ಬದಲಾಯಿಸಬೇಕು, ಏಕೆಂದರೆ ಬೇರೆ ಬ್ಯಾಚಿನ ದೀಪದ ಬಿಳಿ ಹೊಂದುವುದಿಲ್ಲ, ಬೆಳಕಿನ ಪ್ರಮಾಣವೂ ಸಮನಾಗಿರುವುದಿಲ್ಲ. ಹೊಸದು ಬರುವವರೆಗೆ ಡಿಆರ್‌ಎಲ್‌ನ 3 ಆಂಪಿಯರ್ ಫ್ಯೂಸ್ ತೆಗೆದಿಟ್ಟು ಹೆಡ್‌ಲೈಟ್ ಹಾಕಿಕೊಂಡು ಓಡಿಸುವುದು ಮೇಲು. ಬರೀ ಎಡಗಡೆಯ ದೀಪ ಉರಿಯುತ್ತಿರುವ ಜೀಪನ್ನು ಮಂಜಿನಲ್ಲಿ ಎದುರಿನಿಂದ ಬರುವ ಲಾರಿಯವನು ರಸ್ತೆಯ ಅಂಚಿನಲ್ಲಿ ಬರುತ್ತಿರುವ ಬೈಕೆಂದೇ ತಿಳಿದು, ಅಷ್ಟಕ್ಕೇ ಜಾಗ ಬಿಡುತ್ತಾನೆ.